ಒಂದೇ ಸಲ ಹೇಳುವ ಪೆಟ್ಟಿಗೆ

ಬಡಗಿಗೆ ಇವತ್ತಿಗೂ ಹೆಂಡತಿಯ ತಮ್ಮನ ಮೇಲೆ ಸಿಟ್ಟಿದೆ. ಹೇಳಿದ್ದನ್ನೇ ಹೇಳುವ ಬಾಯಿ ಮನೆಯಲ್ಲಿ ಒಂದಿದ್ದದ್ದು ಸಾಲದೆಂದು ಆ ಮಹಾನುಭಾವ ಗೋಡೆಗೂ ಒಂದು ಬಾಯಿ ತಂದು ಜೋಡಿಸಿದ್ದ.

ನೀರಿನ ಪಂಪು ಹಿತ್ತಲಲ್ಲಿ, ಅದನ್ನು ಹಾಕಬೇಕಾದ ಹೆಂಡತಿ ಅಡುಗೆಮನೆಯಲ್ಲಿ. ಭಾಮೈದ ಎರಡೂ ಕಡೆ ಒಂದೊಂದು ಪೆಟ್ಟಿಗೆ ಕೂರಿಸಿದ. ಇಲ್ಲಿ ಗುಂಡಿ ಒತ್ತಿದರೆ ಅಪ್ಪಣೆ ಮನೆಯ ಕರೆಂಟಿನ ತಂತಿಯಲ್ಲೇ ಹೋಗಿ ಪಂಪನ್ನು ಎಬ್ಬಿಸುತ್ತಿತ್ತು. ಆದರೆ ಸ್ವಲ್ಪ ಕಾಯಬೇಕು.

“ಯಾಕಯ್ಯಾ, ನಿನ್ನ ಪೆಟ್ಟಿಗೆ ಪಂಚಾಂಗ ನೋಡ್ತಾ ಕೂತಿದೆಯಾ?”

“ಭಾವ, ನಿಮ್ಮ ಮರ ಕೊಯ್ಯೋ ಮಿಷನ್ ಓಡುವಾಗ ತಂತಿ ಒಳಗೆ ಗಲಾಟೆಯೋ ಗಲಾಟೆ. ಅಪ್ಪಣೆ ಅಲ್ಲಲ್ಲಿ ಕೆಡುತ್ತೆ. ಅದಕ್ಕೇ ಹೇಳಿದ್ದನ್ನೇ ಇನ್ನೊಂದು ಥರ ಹೇಳೋ ಒಂದಿಷ್ಟು ಗುರುತು ಜಾಸ್ತಿ ಸೇರಿಸಿ ಕಳಿಸುತ್ತೆ. ಆ ಕಡೆ ಪೆಟ್ಟಿಗೆ ತಾಳೆ ನೋಡಿ, ಕೆಟ್ಟಿದ್ದನ್ನ ತಾನೇ ತಿದ್ಕೊಳ್ಳುತ್ತೆ. ಅದಕ್ಕೇ ತಡ.”

“ಅಂದ್ರೆ ನಿಮ್ಮಕ್ಕನ ವಂಶ! ನನ್ನ ಮನೇಲಿ ಒಂದು ಮಾತು ಒಂದೇ ಸಲ. ತೆಗಿ ಅದನ್ನ!”

ಭಾಮೈದ ಗೋಗರೆದ. ಭಾವನ ಮೂಗು ಕೆಂಪಾಗಿದ್ದು ಕಂಡು, ತಿದ್ದುವ ಏರ್ಪಾಟನ್ನು ತೆಗೆದು ಜಾಗ ಖಾಲಿ ಮಾಡಿದ. ಈಗ ಗುಂಡಿ ಒತ್ತಿದ ಕೂಡಲೇ ಪಂಪು ಗುರ್ರೆಂದಿತು. ಬಡಗಿ ಮೀಸೆ ತಿರುವಿದ. (ಮೀಸೆ ಸಣ್ಣದು, ತಿರುವಿದ್ದು ಜೋರು.)

ಮಾರನೆಯ ದಿನ, ತಿಂಗಳುಗಟ್ಟಲೆ ಬೆವರು ಸುರಿಸಿ ಮಾಡಿದ ಮರದ ಬೀರು ಪಾಲಿಶ್ ಆಗಿ ಕೆಲಸದ ಕೊಠಡಿಯಲ್ಲಿ ನಿಂತಿತ್ತು. ಅದನ್ನು ಮಾಡಿಸಿದ್ದ ಡಾಕ್ಟರಮ್ಮ ಸಂಜೆ ಒಯ್ಯಲು ಬರುವವರಿದ್ದರು.

“ರೀ, ಧೂಳು ಕೂರುತ್ತೆ. ಪ್ಲಾಸ್ಟಿಕ್ ಹೊದಿಸಿ.”

“ಹೂಂ.”

“ಹೊದಿಸಿದ್ರಾ?”

“ಕಿವಿ ಇದೆ ಕಣೇ ನಂಗೆ!”

“ಕಿವಿ ಇರೋದು ಗೊತ್ತು. ಪ್ಲಾಸ್ಟಿಕ್ ಎಲ್ಲಿ?”

ಅವನು ರೇಗಿ ಅಂಗಳಕ್ಕೆ ಹೋಗಿ ಮಿಷನ್ ಹಾಕಿದ. ಒಳಗೆ ಹೆಂಡತಿ, ಆಗಲೇ ಓಡುತ್ತಿದ್ದ ಪಂಪು ನಿಲ್ಲಿಸಲು ಗುಂಡಿ ಒತ್ತಿದಳು. ಅಪ್ಪಣೆ ಮಿಷನ್ನಿನ ಗಲಾಟೆಯಲ್ಲಿ ನುಚ್ಚುನೂರಾಯಿತು, ಪಂಪು ನಿಲ್ಲಲಿಲ್ಲ. ಕೆಲಸದ ಕೊಠಡಿಯ ತಗಡಿನ ಚಾವಣಿ ಮೇಲಿದ್ದ ಟ್ಯಾಂಕು ತುಂಬಿ ಉಕ್ಕಿ, ತಗಡಿನ ತೂತುಗಳಲ್ಲಿ ಜಲಪಾತವೇ ಇಳಿಯಿತು. ಬಡಗಿ ಕೊಠಡಿಗೆ ಓಡಿದ.

“ಗುಂಡಿ ಒತ್ತಲಿಲ್ವೇನೇ?”

“ಒತ್ತಿದೆ ರೀ. ಒಂದೇ ಸಲ. ನಿಮ್ಮ ಕಾನೂನು!”

ತೊಯ್ದು ತೊಪ್ಪೆಯಾಗಿ ನಿಂತವನು ಬೀರುವಿನತ್ತ ನೋಡಿದ. ಅದರ ನೆತ್ತಿಯಿಂದ ಪಾದದವರೆಗೆ ಪ್ಲಾಸ್ಟಿಕ್. ಮೂಲೆಗಳಿಗೆ ಬಿಗಿಯಾಗಿ ಹಗ್ಗ. ಕೇಳಿ ಕೇಳಿ ಸಾಕಾಗಿ ಅವಳೇ ಹೊದಿಸಿದ್ದಳು. ಮರಕ್ಕೆ ಒಂದು ಹನಿ ತಾಗಿರಲಿಲ್ಲ.

ಡಾಕ್ಟರಮ್ಮ ಹೊಗಳಿ ಒಯ್ದ ಮೇಲೆ ಬಡಗಿ, ಬೇರೆ ಯಾರಿಗೂ ಕೇಳಬಾರದೆಂದು ಮಿಷನ್ ಹಾಕಿ, ಹೆಂಡತಿಯನ್ನು ಹತ್ತಿರ ಕರೆದು ಹೇಳಿದ: “ನಿನ್ನಿಂದ ನನ್ನ ಮಾನ ಉಳೀತು ಕಣೇ.”

ಅವಳು ಕಿವಿಗೆ ಕೈ ಹಿಡಿದಳು. “ಏನಂದ್ರಿ? ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳಿ!”

ಬಡಗಿ ಮಿಷನ್ ಕಡೆ ತಿರುಗಿದ.

“ಏನಿಲ್ಲ, ಹೋಗು!”

ಮರುದಿನವೇ ಭಾಮೈದನನ್ನು ಕರೆಸಿ, ಬೈಯುತ್ತಲೇ ಪೆಟ್ಟಿಗೆಯನ್ನು ಮೊದಲಿನಂತೆ ಮಾಡಿಸಿದ. ಹೆಂಡತಿಗೆ ಹೇಳಬೇಕಾದ ಆ ಮಾತು ಮಾತ್ರ ಇನ್ನೂ ಬಾಕಿ ಇದೆ.