ಅರ್ಧ ಮೀಸೆಯ ಸಾಕ್ಷಿ

ಮಂಚಯ್ಯನ ಮೀಸೆ ಎಡಗಡೆ ಮಾತ್ರ ಉದುರಿಹೋದದ್ದಕ್ಕೆ ಅವನ ಮುನ್ನೆಚ್ಚರಿಕೆಯೇ ಕಾರಣ. ಎಣ್ಣೆಯ ಸೀಸೆಯ ಮೇಲೆ ‘ಮೊದಲು ಸ್ವಲ್ಪ ಜಾಗಕ್ಕೆ ಹಚ್ಚಿ ನೋಡಿರಿ’ ಎಂದು ಅಚ್ಚಾಗಿತ್ತು. ಬೇರೆ ಯಾರಾದರೂ ಆಗಿದ್ದರೆ ಅದನ್ನು ಓದದೆ ಇಡೀ ಮೀಸೆಗೆ ಬಳಿದುಕೊಳ್ಳುತ್ತಿದ್ದರು. ಮಂಚಯ್ಯ ಹೊಳೆನರಸೀಪುರದ ಕೋರ್ಟಿನಲ್ಲಿ ಸಮನ್ಸು ಜಾರಿ ಮಾಡುವ ಜವಾನ; ಹನ್ನೊಂದು ವರ್ಷದಿಂದ ಅಚ್ಚಾದ ಅಕ್ಷರಕ್ಕೆ ಬೆಲೆ ಕೊಟ್ಟು ಬದುಕಿದವನು. ಬೆಳಿಗ್ಗೆ ಆರಕ್ಕೆ ಎಡಗಡೆಗೆ ಮಾತ್ರ ಎರಡು ಬೊಟ್ಟು ಹಚ್ಚಿ, ಏಳಕ್ಕೆ ತೊಳೆದ. ನೀರಿನ ಜೊತೆ ಮೀಸೆಯೂ ಬಂತು. ಸೋಪಿನ ನೊರೆಯ ಮೇಲೆ ಅದು ಸತ್ತ ಕಂಬಳಿಹುಳುವಿನಂತೆ ತೇಲುತ್ತಾ ಬಚ್ಚಲ ತೂಬಿಗೆ ಇಳಿದುಹೋಗುವುದನ್ನು ಅವನು ಕಣ್ಣಾರೆ ಕಂಡ.

ಅದೇನೂ ಹೇಳಿಕೊಳ್ಳುವಂಥ ಮೀಸೆಯಾಗಿರಲಿಲ್ಲ. ಕೋಳಿ ಕೆದಕಿದ ಸೊಪ್ಪಿನ ಮಡಿಯ ಹಾಗೆ ಅಲ್ಲೊಂದು ಇಲ್ಲೊಂದು ಕೂದಲು. ಆದರೂ ಅದರ ಮೇಲೆ ಅವನಿಗೊಂದು ಹಟವಿತ್ತು. ಅವನಪ್ಪ ಬೈರಯ್ಯ ಊರ ದೊಡ್ಡವರ ಎದುರಿಗೆ ಮೀಸೆಯ ಮೇಲೆ ಬೆರಳಿಡುವ ಹಾಗಿರಲಿಲ್ಲ. ಮರೆತು ಒಮ್ಮೆ ಇಟ್ಟದ್ದಕ್ಕೆ ಇಡೀ ಕೇರಿಯೇ ಬೈಗುಳ ತಿಂದಿತ್ತು. ಈಗ ಮಗ ಸರ್ಕಾರದ ಹಿತ್ತಾಳೆ ಬಿಲ್ಲೆ ಕಟ್ಟಿ, ಅದೇ ದೊಡ್ಡವರ ಜಗಲಿಯ ಮುಂದೆ ನಿಂತು ‘ಇಲ್ಲಿ ರುಜು ಹಾಕಿ’ ಎನ್ನುವ ಕಾಲ ಬಂದಿತ್ತು. ಹಾಗೆ ಅನ್ನುವಾಗ ಮೂಗಿನ ಕೆಳಗೆ ಒಂದು ದಪ್ಪ ಮೀಸೆ ಇರಲಿ ಎಂಬುದು ಅವನ ಆಸೆ. ಹಿಂದಿನ ಸಂಜೆ ಬಸ್ ಸ್ಟ್ಯಾಂಡಿನ ಬಳಿ ಕರೀಕೋಟು ತೊಟ್ಟು ಪೆಟ್ಟಿಗೆಯ ಮೇಲೆ ನಿಂತಿದ್ದ ‘ಬ್ಯೂಟಿ ಡಾಕ್ಟರ್ ಪ್ರೊಫೆಸರ್ ಕಾಂತಿರಾಜ’ ಎಂಬುವನು ಆ ಆಸೆಗೆ ಒಂದು ಸೀಸೆ ‘ಶ್ಮಶ್ರುವರ್ಧಿನಿ ತೈಲ’ವನ್ನು ಮಾರಿದ್ದ.

ಹೆಂಡತಿ ಮಾದಮ್ಮ ಕಾಫಿ ಲೋಟ ಹಿಡಿದು ಬಂದವಳು ಗಂಡನ ಎಡಗೆನ್ನೆ ನೋಡಿ ಬೆಚ್ಚಿ, ಸುತ್ತು ಬಂದು ಬಲಗೆನ್ನೆ ನೋಡಿ ಸಮಾಧಾನಪಟ್ಟುಕೊಂಡು, ಮತ್ತೆ ಎಡಕ್ಕೆ ಬಂದು ಲೋಟ ಕೆಳಗಿಟ್ಟಳು.

“ಅಯ್ಯೋ, ಅದೇನ್ ಮಾಡ್ಕಂಡ್ರಿ? ತುಟಿ ಮೇಲೆ ಕೆಂಡ ಇಟ್ಟಂಗೈತಲ್ಲ!”

“ಎಣ್ಣೆ ಕಣೆ. ಬೆಳೀಲಿ ಅಂತ ಹಚ್ಚಿದ್ದು.”

ಗೋಡೆಯಾಚೆಯಿಂದ ಪಕ್ಕದ ಮನೆ ಚಿಕ್ಕಲಕ್ಷ್ಮಮ್ಮ ಇಣುಕಿದಳು. ಈ ಬೀದಿಯಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಮೊದಲು ಅವಳಿಗೆ ಗೊತ್ತಾಗುತ್ತಿತ್ತು. “ಅದುಕ್ಕೇನ್ ಮಾದಮ್ಮ, ಉಳಿದಿದ್ದರ್ಧಾನೂ ತೆಗ್ಸಾಕಿದ್ರೆ ಸರಿ ಓಯ್ತದೆ. ಯಾರಿಗ್ ಗೊತ್ತಾಯ್ತದೆ?”

“ಯಾರಿಗೂ ಗೊತ್ತಾಗ್ಬಾರ್ದು ಅಂತಲೇ ಅವನು ಮಾರೋದು ಚಿಕ್ಕಲಕ್ಷ್ಮಕ್ಕ!” ಎಂದು ಮಂಚಯ್ಯ ಅಂಗಿ ತೊಟ್ಟ. “ಮೋಸ ಓಗಿರೋರೆಲ್ಲಾ ನಾಚ್ಕಂಡು ಬೋಳಿಸ್ಕಂಡು ಮನೇಲ್ ಕುಂತ್ಕಂಡ್ರೆ ಅವನು ಊರೂರಿಗೂ ಬೆಂಕಿ ಅಚ್ಕೊಂಡ್ ಓಯ್ತಾನೆ. ನಾನು ಬೋಳ್ಸಕ್ಕಿಲ್ಲ. ಇದು ಸಾಕ್ಷಿ. ಎಡಗಡೆ ಅಪರಾಧ, ಬಲಗಡೆ ಪುರಾವೆ.”

ತಲೆಗೊಂದು ಟವೆಲಾದರೂ ಸುತ್ತಿ ಮುಖ ಮರೆಮಾಡಿಕೊಳ್ಳಿ ಎಂದು ಮಾದಮ್ಮ ಬೇಡಿಕೊಂಡಳು. ಅವನು ಕೇಳಲಿಲ್ಲ. ಹೊಳೆನರಸೀಪುರದ ಪೇಟೆ ಬೀದಿಯಲ್ಲಿ ಮಂಚಯ್ಯ ಅರ್ಧ ಮೀಸೆ ಹೊತ್ತು, ಮೆರವಣಿಗೆಯ ಆನೆಯ ಹಾಗೆ ನಡುಮಧ್ಯದಲ್ಲೇ ನಡೆದ. ಕ್ಷೌರದಂಗಡಿಯ ಗುಂಡಯ್ಯ ಬಾಗಿಲಿಗೇ ಓಡಿಬಂದು, “ಬಾರಣ್ಣ, ಕಾಸು ಬ್ಯಾಡ, ಒಂದೇ ಎಳೆತ. ನೋಡಕ್ಕಾಯ್ತಿಲ್ಲ ನಂಗೆ,” ಎಂದು ಕತ್ತಿ ಮಸೆಯುತ್ತಾ ಅಂಗಲಾಚಿದ.

“ಮುಟ್ಟಿದ್ರೆ ನಿನ್ ಮೇಲೂ ಕೇಸು,” ಎಂದು ಮಂಚಯ್ಯ ಬಲಗಡೆ ಅಂಗೈ ಅಡ್ಡ ಹಿಡಿದು ಮುಂದೆ ಸಾಗಿದ.

ಕೋರ್ಟಿನಲ್ಲಿ ಶಿರಸ್ತೇದಾರ ದೊಡ್ಡಯ್ಯನವರು ಕನ್ನಡಕ ಏರಿಸಿ, ಇಳಿಸಿ, ಒರೆಸಿ, ಮತ್ತೆ ಏರಿಸಿ ನೋಡಿದರು. “ಸಾಹೇಬರು ಬರೋದ್ರೊಳಗೆ ಒಂದೋ ಅದನ್ನ ತೆಗೆಸು, ಇಲ್ಲ ರಜಾ ಚೀಟಿ ಬರಿ.”

“ರಜಾನೇ ಕೊಡಿ ಸಾ.”

“ಅರ್ಧ ದಿನ ಸಾಕಲ್ವೇನಯ್ಯ, ಹೋಗಿರೋದು ಅರ್ಧ ತಾನೆ?” ಎಂದು ದೊಡ್ಡಯ್ಯನವರು ತಮ್ಮ ತಮಾಷೆಗೆ ತಾವೇ ಕೆಮ್ಮು ಬರುವಷ್ಟು ನಕ್ಕರು.

ಪೊಲೀಸ್ ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ನಂಜಪ್ಪ ದೂರು ಬರೆಯುವ ಪುಸ್ತಕ ತೆರೆದು ಪೆನ್ನು ಝಾಡಿಸಿದ. ತುಟಿಯ ಮೇಲೆ ಅವನದು ಎರಡು ಅಳಿಲು ಬಾಲ ಕೂರಿಸಿದಂಥ ಮೀಸೆ. “ಏನಂತ ಬರ್ಕೊಳ್ಳಯ್ಯಾ? ಕಳ್ತನ ಅಂದ್ರೆ ಮಾಲೆಲ್ಲಿ ಅಂತ ಕೇಳ್ತಾರೆ.”

“ಬಚ್ಚಲಲ್ಲಿ ಕೊಚ್ಕೊಂಡೋಯ್ತು ಸಾ.”

“ಅಂಗಾದ್ರೆ ಸಾಕ್ಷಿ ನಾಶ ಮಾಡ್ದೋನು ನೀನೇ ಆದೆಯಲ್ಲಪ್ಪ!” ನಂಜಪ್ಪ ಪುಸ್ತಕ ಮುಚ್ಚಿದ. “ಎಣ್ಣೆ, ಔಷಧಿ, ಅವೆಲ್ಲ ಹೆಲ್ತ್ ಇನ್ಸ್‌ಪೆಕ್ಟರ್ ಬಾಬತ್ತು. ಅಲ್ಲಿಗೋಗು.”

ಹೆಲ್ತ್ ಇನ್ಸ್‌ಪೆಕ್ಟರ್ ಚಂದ್ರಶೇಖರಯ್ಯನವರು ಊರಿಗೆ ಹೊಸಬರು. ಬಂದು ಮೂರು ತಿಂಗಳಾದರೂ ಒಂದು ಕೇಸೂ ಸಿಕ್ಕಿರಲಿಲ್ಲ. ಸೊಳ್ಳೆಗಳ ಮೇಲೆ ಕೇಸು ಹಾಕುವಂತಿದ್ದರೆ ಇಷ್ಟರಲ್ಲಿ ಅವರಿಗೆ ಬಡ್ತಿ ಆಗಿರುತ್ತಿತ್ತು. ಮಂಚಯ್ಯ ಒಳಗೆ ಬಂದದ್ದೇ ಅವರ ಮುಖ ಅರಳಿತು. ಮೀಸೆಯನ್ನು ಅಡಿಕೋಲಿನಿಂದ ಅಳೆದರು. ಸೀಸೆಯನ್ನು ಬೆಳಕಿಗೆ ಹಿಡಿದು ಚೀಟಿ ಓದಿದರು. ಅದರಲ್ಲಿ ‘ಇದು ಔಷಧಿಯಲ್ಲ, ಆದರೆ ಔಷಧಿಯಂತೆಯೇ ಕೆಲಸ ಮಾಡುತ್ತದೆ’ ಎಂದಿತ್ತು.

“ಘಾಟಿ ಆಸಾಮಿ ಕಣ್ರೀ,” ಎಂದು ಅವರು ತಲೆದೂಗಿದರು. “ಔಷಧಿ ಅಂದ್ರೆ ಲೈಸೆನ್ಸ್ ಎಲ್ಲಿ ಅಂತ ಕೇಳ್ತೀವಿ. ಅಲಂಕಾರ ಅಂದ್ರೆ ಬೆಳೆಯುತ್ತೆ ಅಂತ ಯಾಕೆ ಹೇಳಿದೆ ಅಂತ ಕೇಳ್ತೀವಿ. ಅದಕ್ಕೇ ಎರಡರ ಮಧ್ಯೆ ನುಸುಳಿದ್ದಾನೆ.”

“ಇಂಥ ಸುಳ್ಳು ಜಾಹೀರಾತಿಗೆ ಡೆಲ್ಲಿಯೋರು ಕಾನೂನು ಮಾಡವ್ರಂತಲ್ಲ ಸಾ? ಕೋರ್ಟಲ್ಲಿ ವಕೀಲರು ಮಾತಾಡ್ಕೊತಿದ್ರು.”

“ಮಾಡಿದ್ದಾರೆ. ಆದ್ರೆ ನೀವು ಸೀಸೆಯ ಬಿರಡೆ ತೆಗೆದುಬಿಟ್ಟಿದ್ದೀರಿ. ಕಾನೂನಿಗೆ ಬಿರಡೆ ತೆಗೆಯದ ಸೀಸೆ ಬೇಕು. ಅವನ ಕೈಯಿಂದಲೇ, ಇಬ್ಬರು ಪಂಚರ ಎದುರಿಗೆ, ಅರಗು ಮುದ್ರೆ ಹಾಕಿ ತಗೋಬೇಕು. ಅವನೀಗ ಎಲ್ಲಿದ್ದಾನೆ?”

“ಅರಕಲಗೂಡಲ್ಲಿ ಸಾ. ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಪೆಟ್ಟಿಗೆ ಏರಿಸಿದ್ನಂತೆ.”

“ನಡೀರಿ. ಅಲ್ಲೀತನಕ ತುಟಿಗೆ ಏನೂ ಹಚ್ಚಬೇಡಿ. ಬೆಣ್ಣೇನೂ ಕೂಡದು. ಗಾಯ ಹಾಗೇ ಕಾಣಬೇಕು.”

ಉರಿ ಕಿವಿಯವರೆಗೆ ಏರಿತ್ತು. ಆದರೂ ನ್ಯಾಯಕ್ಕಾಗಿ ಎಂದು ಮಂಚಯ್ಯ ಹಲ್ಲು ಕಚ್ಚಿದ.

ಬಸ್ಸಿನಲ್ಲಿ ಅವನು ನಡುವಿನ ಸೀಟಿನಲ್ಲಿ ಕುಳಿತ. ಅವನ ಎಡಕ್ಕಿದ್ದ ಅಜ್ಜಿ “ಪಾಪ, ಎಳೇ ಉಡುಗ, ಜಾಗ ಬುಡ್ರಪ್ಪ” ಎಂದಳು. ಬಲಕ್ಕಿದ್ದ ಮುದುಕ “ಎಲ್ಲೈತಮ್ಮ ಉಡುಗ? ಮೀಸೆ ಒತ್ತಿರೋ ಗಂಡಸು ಕಣಮ್ಮ” ಎಂದ. ಇಬ್ಬರಿಗೂ ಮಾತಿಗೆ ಮಾತು ಬೆಳೆದು, ಮಂಚಯ್ಯ ಎದ್ದು ಎರಡೂ ಕಡೆಗೆ ಮುಖ ತಿರುಗಿಸಿ ತೋರಿಸುವವರೆಗೆ ನಿಲ್ಲಲಿಲ್ಲ. ಆಮೇಲೆ ಇಡೀ ಬಸ್ಸು ಅರಕಲಗೂಡಿನವರೆಗೆ ನಕ್ಕಿತು. ಅವನು ಮಾತ್ರ ಕತ್ತು ಬಗ್ಗಿಸಲಿಲ್ಲ. “ನಗ್ರಪ್ಪ, ನಗ್ರಿ. ಆದ್ರೆ ಆ ಎಣ್ಣೆ ಮಾತ್ರ ಕೊಳ್ಬ್ಯಾಡಿ,” ಎಂದು ಎಲ್ಲರಿಗೂ ಹೇಳಿಯೇ ಇಳಿದ.

ಅರಕಲಗೂಡಿನ ಬಸ್ ಸ್ಟ್ಯಾಂಡಿನ ಪಕ್ಕದ ಅರಳಿಕಟ್ಟೆಯ ಮುಂದೆ ಪ್ರೊಫೆಸರನ ಸುತ್ತ ಜನ ನಿಂತಿದ್ದರು. ವ್ಯಾಪಾರವಿರಲಿಲ್ಲ. ಪೆಟ್ಟಿಗೆಯ ತುಂಬ ಸೀಸೆ ಹಾಗೇ ಇದ್ದವು. ಇನ್ಸ್‌ಪೆಕ್ಟರು ಮಂಚಯ್ಯನ ಕಿವಿಯಲ್ಲಿ, “ನಾನು ಹೋಗಿ ಅರಗು, ದಾರ, ಕಾಗದ ತರ್ತೀನಿ. ಅವನ ಮೇಲೆ ಕಣ್ಣಿಟ್ಟಿರಿ. ಬಾಯಿ ಮಾತ್ರ ಬಿಡಬೇಡಿ,” ಎಂದು ಹೇಳಿ ಅಂಗಡಿ ಸಾಲಿಗೆ ಹೋದರು.

ಮಂಚಯ್ಯ ಕಣ್ಣಿಟ್ಟ. ಎಷ್ಟು ಹೊತ್ತು ಇಟ್ಟಾನು? ಪ್ರೊಫೆಸರ್ ಒಬ್ಬ ಎಳೆಯ ರೈತನ ಗಲ್ಲ ಹಿಡಿದು ಸೀಸೆಯ ಬಿರಡೆ ತೆಗೆಯುತ್ತಿದ್ದಂತೆ ಅವನಿಗೆ ತಡೆಯಲಾಗಲಿಲ್ಲ. ಜನರನ್ನು ಸೀಳಿಕೊಂಡು ನುಗ್ಗಿ, ಖಾಲಿ ಪೆಟ್ಟಿಗೆಯೊಂದರ ಮೇಲೆ ಹತ್ತಿ, ತನ್ನ ಮೂಗಿನ ಕೆಳಗೆ ಬೆರಳು ಮಾಡಿ ಕೂಗಿದ:

“ನೋಡ್ರಪ್ಪೋ! ಇವನ ಎಣ್ಣೆ ಹಚ್ಚಿ ನನಗೇನಾಯ್ತು ನೋಡ್ರಿ!”

ಜನ ನೋಡಿದರು. ಪ್ರೊಫೆಸರನೂ ನೋಡಿದ. ಒಂದು ಕ್ಷಣ ಅವನ ಮುಖ ಸುಣ್ಣವಾಯಿತು. ಮರುಕ್ಷಣವೇ ಎರಡೂ ಕೈ ಮೇಲೆತ್ತಿದ.

“ನೋಡಿ ಮಹಾಜನಗಳೇ! ನಿನ್ನೆ ಸಂಜೆ ಇವರು ನನ್ನ ಹತ್ತಿರ ಬಂದಾಗ ಮೂಗಿನ ಕೆಳಗೆ ಒಂದು ಕೂದಲಿರಲಿಲ್ಲ. ಮೊಟ್ಟೆ, ಮೊಟ್ಟೆ ಇದ್ದ ಹಾಗಿತ್ತು! ಒಂದೇ ದಿನಕ್ಕೆ ಅರ್ಧ ಬಂದಿದೆ!”

“ಇತ್ತು! ಎರಡೂ ಕಡೆ ಇತ್ತು!”

“ಇನ್ನೊಂದು ಕಡೆಗೂ ಬರುತ್ತೆ ಸ್ವಾಮಿ, ಆತುರಪಡಬೇಡಿ.”

“ಉರೀತೈತೆ ಕಣ್ರಪ್ಪ, ಕೆಂಪಗಾಗೈತೆ ನೋಡಿ!”

“ಮೊಳೆಯೋ ಜಾಗ! ಮೊಳಕೆ ಒಡೆಯುವಾಗ ನೆಲ ಬಿರಿಯೋದಿಲ್ಲವೆ?” ಎಂದು ಪ್ರೊಫೆಸರ್ ರೈತರ ಕಡೆ ತಿರುಗಿದ. ರೈತರು ತಲೆಯಾಡಿಸಿದರು. ಅದು ಅವರಿಗೆ ಗೊತ್ತಿದ್ದ ವಿಷಯ.

ತೆಂಗಿನಕಾಯಿ ವ್ಯಾಪಾರಿ ಚೆನ್ನಯ್ಯ ಎಂಬುವನು ಮುಂದೆ ಬಂದು ಮಂಚಯ್ಯನ ಬಲಮೀಸೆಯನ್ನು ಎರಡು ಬೆರಳಲ್ಲಿ ಹಿಡಿದು ಜಗ್ಗಿದ. ಮಂಚಯ್ಯ ಕಿರುಚಿದ.

“ಅಂಟಿಸಿದ್ದಲ್ಲ ಕಣ್ರಲಾ! ಬೇರು ಬುಟ್ಟೈತೆ!” ಎಂದು ಚೆನ್ನಯ್ಯ ಸಾರಿದ.

ಮಂಚಯ್ಯ ಕೊನೆಯ ಅಸ್ತ್ರ ತೆಗೆದ. ಜೇಬಿನಿಂದ ಹಿತ್ತಾಳೆ ಬಿಲ್ಲೆ ಹೊರಗೆಳೆದು, “ನಾನು ಕೋರ್ಟಿನೋನು! ಸತ್ಯ ಯೋಳ್ತಾ ಇವ್ನಿ!” ಎಂದು ಗುಡುಗಿದ.

“ಕೇಳಿದಿರಾ? ಕೋರ್ಟಿನವರೇ ಸಾಕ್ಷಿ ನುಡಿಯುತ್ತಿದ್ದಾರೆ!”

ಅಷ್ಟು ಸಾಕಾಯಿತು. ಜನ ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಪೆಟ್ಟಿಗೆಗೆ ಮುತ್ತಿದರು. ಮಂಚಯ್ಯ ಒಬ್ಬೊಬ್ಬರ ರಟ್ಟೆ ಹಿಡಿದೆಳೆದ. ಗಂಟಲು ಹರಿಯುವಂತೆ ‘ಬ್ಯಾಡ ಬ್ಯಾಡ’ ಎಂದ. “ಇವನಿಗ್ ಬಂದ್ಮೇಲೆ ನಮಗ್ ಬ್ಯಾಡ್ವಂತೆ, ನೋಡ್ಲಾ ಒಟ್ಟೆಕಿಚ್ಚು!” ಎಂದು ಅವನನ್ನೇ ನೂಕಿದರು. ಅವನು ಎದ್ದು ಧೂಳು ಕೊಡವಿಕೊಳ್ಳುವಷ್ಟರಲ್ಲಿ ಪೆಟ್ಟಿಗೆ ಬರಿದಾಗಿತ್ತು. ಪ್ರೊಫೆಸರ್ ಕಾಂತಿರಾಜ ರಾಮನಾಥಪುರದ ಬಸ್ಸಿನ ಕಿಟಕಿಯಿಂದ ಅವನಿಗೆ ವಿನಯವಾಗಿ ಕೈಮುಗಿಯುತ್ತಿದ್ದ.

ಚಂದ್ರಶೇಖರಯ್ಯನವರು ಅರಗಿನ ಕಡ್ಡಿ, ದಾರದುಂಡೆ ಹಿಡಿದು ಓಡೋಡಿ ಬಂದರು. “ಎಲ್ರೀ ಅವನು? ಎಲ್ಲಿ ಸೀಸೆ?”

“ಎಲ್ಲಾ ಮಾರೋಯ್ತು ಸಾ.”

“ಇಷ್ಟು ಬೇಗ? ಅರ್ಧ ಗಂಟೆಯಲ್ಲಿ?”

ಇನ್ಸ್‌ಪೆಕ್ಟರು ಅಲ್ಲೇ ಉಳಿದಿದ್ದ ಚೆನ್ನಯ್ಯನನ್ನೂ ಸೋಡಾ ಅಂಗಡಿಯವನನ್ನೂ ಪಂಚರೆಂದು ಹಿಡಿದು ನಿಲ್ಲಿಸಿದರು. ಚೆನ್ನಯ್ಯನ ಸೊಂಟದಲ್ಲಿ ಸೀಸೆ ಇಣುಕುತ್ತಿತ್ತು. ಇನ್ಸ್‌ಪೆಕ್ಟರು ಆಸೆಯಿಂದ ಕೈಚಾಚಿದರು.

“ಅದ್ರ ಬಿರಡೆ ಆಗಲೇ ಕಿತ್ತು ಎರಡೂ ಕಡೆ ಬಳ್ಕಂಡೆ ಸಾ,” ಎಂದ ಚೆನ್ನಯ್ಯ ಸಂತೋಷವಾಗಿ. “ತಣ್ಣಗೈತೆ.”

“ತೊಳ್ಕಳ್ಳಯ್ಯಾ! ಬಿರ್‍ರನೆ ಓಗಿ ತೊಳ್ಕಾ!” ಎಂದ ಮಂಚಯ್ಯ. ಚೆನ್ನಯ್ಯ ಅವನ ಕಡೆ ಕಣ್ಣು ಮಿಟುಕಿಸಿ ನಕ್ಕನೇ ಹೊರತು ಕದಲಲಿಲ್ಲ.

ಅಷ್ಟರಲ್ಲಿ ಸೋಡಾ ಅಂಗಡಿಯವನು ಜೇಬಿನಿಂದ ಒಂದು ಚೀಟಿ ತೆಗೆದ. “ಮರ್ತೇ ಓಗಿತ್ತು ಸಾ. ಪ್ರೊಫೆಸರು ಬಸ್ ಅತ್ತೋವಾಗ ಇದನ್ನ ಕೋರ್ಟಿನ ಅಣ್ಣಾವ್ರಿಗೆ ಕೊಡು ಅಂದ್ರು.”

ಇನ್ಸ್‌ಪೆಕ್ಟರು ಅದನ್ನು ನಡುವೆಯೇ ಕಸಿದುಕೊಂಡು ಗಟ್ಟಿಯಾಗಿ ಓದಿದರು. “‘ಮಿತ್ರರೇ, ತಮ್ಮಿಂದ ಇಂದು ಬಹಳ ಉಪಕಾರವಾಯಿತು. ಇಂಥ ವ್ಯಾಪಾರವನ್ನು ನಾನು ಜನ್ಮದಲ್ಲಿ ಕಂಡಿಲ್ಲ. ನಾಳೆ ರಾಮನಾಥಪುರಕ್ಕೂ ತಪ್ಪದೆ ಬನ್ನಿ. ದಯಮಾಡಿ ಬಲಗಡೆಯದನ್ನು ಬೋಳಿಸಬೇಡಿ.’”

ಚೀಟಿ ಮಡಚಿ ಅವರು ಮಂಚಯ್ಯನನ್ನು ಹೊಸದಾಗಿ ನೋಡಿದರು. ಮೂರು ತಿಂಗಳ ಹಸಿವು ಅವರ ಕಣ್ಣಲ್ಲಿತ್ತು.

“ಇವರು ಇಲ್ಲಿ ಏನು ಮಾಡಿದ್ರು?”

“ಪೆಟ್ಟಿಗೆ ಮೇಲೆ ನಿಂತು ಮೀಸೆ ತೋರಿಸಿದ್ರು ಸಾ,” ಎಂದ ಸೋಡಾ ಅಂಗಡಿಯವನು.

“ಇವ್ರು ಬಿಲ್ಲೆ ತೋರಿಸಿದ್ಮೇಲೇನೇ ನಮಗೆ ನಂಬ್ಕೆ ಬಂದಿದ್ದು ಸಾ,” ಎಂದ ಚೆನ್ನಯ್ಯ.

“ಸಾ, ನಾನೇ ದೂರು ಕೊಟ್ಟೋನು!”

“ಅದೇ ಚಮತ್ಕಾರ. ನನ್ನನ್ನ ಅರಗು ತರೋಕೆ ಕಳಿಸಿದ್ದೂ ನೀವೇ.”

“ಅರಗು ತರಕ್ಕೆ ನೀವೇ ಓಗಿದ್ದು ಸಾ!”

ಚಂದ್ರಶೇಖರಯ್ಯನವರು ಆಗಲೇ ಅರಳಿಕಟ್ಟೆಯ ಮೇಲೆ ಕಾಗದ ಹರಡಿ ‘ಮಹಜರು’ ಎಂದು ದಪ್ಪಕ್ಷರದಲ್ಲಿ ಬರೆದು ಅಡಿಗೆರೆ ಎಳೆದಿದ್ದರು. ಅದರ ಕೆಳಗೆ ಮಂಚಯ್ಯನ ಹೆಸರು, ಅದರ ಪಕ್ಕ ‘ಆರೋಪಿ’. ಮಂಚಯ್ಯ ಅದನ್ನು ಓದಿದ. ಆದರೂ ಬಗ್ಗಲಿಲ್ಲ. ಎದೆ ಸೆಟೆದು ನಿಂತ.

“ಬರ್ಕೊಳ್ಳಿ ಸಾ, ಏನ್ ಬೇಕಾದ್ರೂ ಬರ್ಕೊಳ್ಳಿ. ನಾನು ಎದ್ರಕ್ಕಿಲ್ಲ. ಆದ್ರೆ ನಾನ್ ಯೋಳೋ ಒಂದು ಮಾತು ಅದ್ರಲ್ಲಿ ಇರ್ಬೇಕು. ಆ ಎಣ್ಣೆ ಶುದ್ಧ ಮೋಸ! ಹಚ್ಕಂಡೋರ ಮುಖ ಸುಡ್ತದೆ! ಸಾವಿರ ಜನದ ಮುಂದೆ ಕೇಳಿದ್ರೂ ಇದನ್ನೇ ಯೋಳ್ತೀನಿ!”

“ಭೇಷ್,” ಎಂದು ಇನ್ಸ್‌ಪೆಕ್ಟರು ಆ ಮಾತನ್ನು ಒಂದಕ್ಷರ ಬಿಡದೆ ಇಳಿಸಿಕೊಂಡು, ಕೆಳಗೆ ತಮ್ಮದೊಂದು ಸಾಲು ಸೇರಿಸಿ, ಪಂಚರಿಗೆ ಓದಿ ಹೇಳಿದರು:

“‘ತೈಲವು ಮೋಸದ್ದೆಂಬುದನ್ನು ಆರೋಪಿಯು ಯಾರ ಬಲವಂತವೂ ಇಲ್ಲದೆ, ಸ್ವಂತ ಬಾಯಿಂದಲೇ ಒಪ್ಪಿಕೊಂಡಿರುತ್ತಾನೆ.’”