ದೇವೀಂದ್ರಪ್ಪನ ತಾಟಿನ ಗಾಲಿ

ನಿಜಾಮರ ಕಾಲದ ಕಲಬುರ್ಗಿಯಲ್ಲಿ ಸ್ವಂತ ಮೋಟಾರು ಇದ್ದವರೇ ನಾಲ್ಕೈದು ಮಂದಿ. ಅವರಲ್ಲಿ ಅರಳೆ ವ್ಯಾಪಾರಿ ದೇವೀಂದ್ರಪ್ಪನೂ ಒಬ್ಬ. ಆದರೆ ತನ್ನ ಮಗಳ ಮದುವೆಗೆ ಕರೆಯಲು ಬಂದ ಕಮಲಾಪುರದ ನಾಗಣ್ಣಗೌಡ ಆ ಮೋಟಾರಿನ ತಂತಿ ಗಾಲಿ ನೋಡಿ ಮುಖ ಸಿಂಡರಿಸಿದ.

"ಸಾಹುಕಾರ್ರ, ಮೆರವಣಿಗ್ಯಾಗ ಅಳಿಯನ್ನ ಇದರಾಗ ಕುಂದ್ರಸಬೇಕಂತ ಮಾಡಿದ್ದೆ. ಇವು ಸೈಕಲ್ ಗಾಲಿ ಇದ್ದಂಗ ಅವಲ್ರೀ! ಭಾರ ತಡೀತಾವೇನು?"

ಮದುಮಗನ ಮೋಟಾರು ನಡೆಸುವ ಮಾನ ಕೈ ತಪ್ಪುವುದೇ? ದೇವೀಂದ್ರಪ್ಪ ಹೈದರಾಬಾದಿನಿಂದ ತಂತಿಯೇ ಇಲ್ಲದ, ಊಟದ ತಾಟಿನಂಥ ಇಡೀ ತಗಡಿನ ನಾಲ್ಕು ಗಾಲಿ ತರಿಸಿ, ರೋಜಾ ಓಣಿಯ ಮಿಸ್ತ್ರಿಯಿಂದ ಕೂಡಿಸಿಯೇ ಬಿಟ್ಟ.

ಮದುವೆಯ ದಿನ ಬೆಳಿಗ್ಗೆ ಹೆಂಡತಿ ನೀಲಗಂಗಮ್ಮ, "ಅಯ್ಯ, ಉಂಡಿಟ್ಟ ತಾಟಿನಂಗ ಮಸಕ ಆಗ್ಯಾವಲ್ರೀ!" ಎಂದು ಹುಣಸೆಹಣ್ಣು, ಬೂದಿ ಹಚ್ಚಿ ದೇವರ ಸಾಮಾನು ತಿಕ್ಕಿದಂತೆ ತಿಕ್ಕಿದಳು. ಪಕ್ಕದ ಮನೆಯ ತುಂಗಾಬಾಯಿ ಬಿಡುತ್ತಾಳೆಯೇ? "ಈ ಮೂಲಿ ಉಳದದ ನೋಡವ್ವಾ" ಎಂದು ತಾನೂ ತಿಕ್ಕಿ, ಕೊನೆಗೆ ಅದೇ ಗಾಲಿಯಲ್ಲಿ ನೋಡಿಕೊಂಡು ಕುಂಕುಮ ತೀಡಿಕೊಂಡಳು.

ಕಮಲಾಪುರದವರೆಗೂ ದೇವೀಂದ್ರಪ್ಪನ ಉಬ್ಬಿದ ಎದೆ ಇಳಿಯಲಿಲ್ಲ. ಅಲ್ಲಿ ಜನ ಮೋಟಾರಿಗೆ ಮುತ್ತಿದರು. ಒಬ್ಬ ಗಾಲಿಯಲ್ಲಿ ಮೀಸೆ ತಿರುವಿಕೊಂಡ, ಇನ್ನೊಬ್ಬ ತಲೆಯ ಪಟಗಾ ಸರಿ ಮಾಡಿಕೊಂಡ. ಗೌಡನೂ ಹಾರ ಹಿಡಿದು ಬಂದ.

"ಭೇಷ್! ಈಗ ಆತು ನೋಡ್ರಿ ಮೋಟಾರು! ಎಲ್ಲಿ, ಮದುಮಗನ್ನ ಕರೀರಿ!"

ಅಷ್ಟರಲ್ಲಿ ಅಂಗಳದಲ್ಲಿ ಕಟ್ಟಿದ್ದ ಗೌಡನ ಕಾಳಗದ ಟಗರು ತಲೆ ಎತ್ತಿತು. ಹೋದ ವರ್ಷ ಸೋತಾಗಿನಿಂದ ಅದು ಯಾರಿಗೂ ಕೊಂಬು ತೋರಿಸಿದ್ದಿಲ್ಲ. ಈಗ ಗಾಲಿಯೊಳಗೆ ಇನ್ನೊಂದು ಟಗರು ದುರುಗುಟ್ಟಿ ನೋಡುತ್ತಿತ್ತು! ಹಗ್ಗ ಹರಿದುಕೊಂಡು ಓಡಿ ಬಂದು ಢಣ್ಣೆಂದು ಗುದ್ದಿತು. ಎದುರಿನದೂ ಅಷ್ಟೇ ಜೋರಿನಿಂದ ಬಂತು. ಮೂರನೆಯ ಗುದ್ದಿಗೆ ತಗಡು ತಗ್ಗಾಗಿ ಎದುರಾಳಿಯೇ ಮಾಯವಾಯಿತು.

"ಗೌಡ್ರ, ನನ್ನ ಗಾಲೀ!" ದೇವೀಂದ್ರಪ್ಪನ ಕಣ್ಣಲ್ಲಿ ನೀರು.

ಗೌಡನ ಕಣ್ಣಲ್ಲೂ ನೀರು, ಖುಷಿಯಿಂದ. "ಗೆದ್ದಿತ್ರೀ! ನನ್ನ ಟಗರು ಮೋಟಾರನ್ನೇ ಸೋಲಿಸ್ತು!" ಊರೆಲ್ಲ ಸಿಳ್ಳೆ ಹೊಡೆಯಿತು. ಗೌಡ ಕೈಯಲ್ಲಿದ್ದ ಹಾರವನ್ನು ಟಗರಿನ ಕೊರಳಿಗೆ ಹಾಕಿದ. ನಾಲ್ವರು ಅದನ್ನೆತ್ತಿ ಮೋಟಾರಿನಲ್ಲಿ ನಿಲ್ಲಿಸಿದರು.

"ಮದುಮಗ ಎಲ್ಲಿ ಕುಂದ್ರಬೇಕ್ರೀ?" ದೇವೀಂದ್ರಪ್ಪ ಕೇಳಿದ.

"ಅಂವ ಕುದುರೀ ಮ್ಯಾಲೆ ಹಿಂದ ಬರ್ತಾನ. ನೀವು ನಡೀರಿ ಸಾಹುಕಾರ್ರ!"

ಮೋಟಾರು ಕುಂಟುತ್ತ ಹೊರಟಿತು. ಏನಾದರೇನು, ಮೆರವಣಿಗೆಯ ಮುಂದೆ ತನ್ನದೇ ಮೋಟಾರು! ದೇವೀಂದ್ರಪ್ಪ ಬೆನ್ನು ನೆಟ್ಟಗೆ ಮಾಡಿ, ಪಟಗಾ ಸರಿಪಡಿಸಿ ಕೂತ. ಕಟ್ಟೆಯ ಮೇಲಿದ್ದ ಮುದುಕಿ ಶಂಕ್ರಮ್ಮ ಹಣೆಗೆ ಕೈಯಿಟ್ಟು ನೋಡಿ ಪಕ್ಕದವಳನ್ನು ಕೇಳಿದಳು:

"ಮುಂದ ಕುಂತಾಂವ ಯಾರವ್ವಾ, ಭಾಳ ಠೀವಿ ಮಾಡಾಕತ್ಯಾನ?"

"ಅಂವಾ? ನಮ್ಮ ಗೌಡರ ಟಗರಿನ ಡ್ರೈವರ್ ಅಂತವ್ವಾ."