ಹೈದರಾಬಾದಿಗೆ ಹೊರಟ ಜಗಳ

ದೇವದುರ್ಗದ ಬಾವಿ ಓಣಿಯಲ್ಲಿ ಎಂಟು ದಿನದಿಂದ ಯಾರೂ ಸರಿಯಾಗಿ ಮಾತಾಡುತ್ತಿರಲಿಲ್ಲ. ಅದಕ್ಕೆ ಕಾರಣ ಗುಡಿ ಪೂಜೆಯ ಮನೆತನದ ಪ್ರಾಣೇಶ.

ನಿಜಾಮರ ಕಾಲ, ನಲವತ್ತಾರನೆಯ ಇಸವಿ. ಪ್ರಾಣೇಶ ಹೈದರಾಬಾದಿನಲ್ಲಿ ಇಂಗ್ಲಿಷ್ ಎಂ.ಎ. ಓದುತ್ತಿದ್ದ. ಅದರಲ್ಲಿ ಭಾಷಾಶಾಸ್ತ್ರ ಎಂದೊಂದು ವಿಷಯ. ಅದನ್ನು ಕಲಿಸುವ ಪ್ರೊಫೆಸರು ರಜೆಗೆ ಹೊರಟವನ ಕೈಗೆ ಖಾಲಿ ಬುಕ್ಕು ಕೊಟ್ಟು, ಊರ ಜನ ತಮ್ಮ ತಮ್ಮಲ್ಲಿ ಹೇಗೆ ಮಾತಾಡುತ್ತಾರೋ ಹಾಗೇ, ಒಂದು ಸ್ವರವೂ ತಪ್ಪದಂತೆ, ಇಂಗ್ಲಿಷ್ ಅಕ್ಷರಗಳನ್ನೇ ಕೆಲವು ನೇರ, ಕೆಲವು ಬೋರಲು ಇಟ್ಟು ಬರೆಯುವ ಉಚ್ಚಾರದ ಲಿಪಿಯಲ್ಲಿ ಹತ್ತು ಪುಟ ಬರೆದು ತರಬೇಕು, ತರದಿದ್ದರೆ ಈ ವರ್ಷ ಪರೀಕ್ಷೆಗೆ ಕೂರಿಸುವುದಿಲ್ಲ ಎಂದಿದ್ದರು.

"ಇಂಗ್ಲಿಷ್ ಕಲೀಲಿಕ್ಕೆ ಅಷ್ಟು ದೂರ ಹೋಗಿ, ನಮ್ಮ ಓಣಿ ನೀಲಗಂಗಮ್ಮನ ಮಾತು ಕಲೀಲಿಕ್ಕೆ ತಿರುಗಿ ಬಂದ್ಯಾ?" ಎಂದರು ತಾಯಿ ಭಾಗೀರಥಿಬಾಯಿ.

ಓಣಿಗೆ ಮಾತ್ರ ಬಹಳ ಸಂತೋಷವಾಯಿತು. ಆ ಸಂತೋಷವೇ ಮುಳುವಾಯಿತು. ಜೋಳದ ವ್ಯಾಪಾರಿ ವಿರೂಪಣ್ಣ ನಾಲ್ಕನೆಯ ಇಯತ್ತೆ ಮುಗಿಸಿದವರು. ಅವರು ಮನೆಮನೆಗೂ ಹೋಗಿ, "ನಮ್ಮ ಮಾತು ಹೈದರಾಬಾದಿಗಿ ಹೊಂಟದ. ಓಣಿ ಮರ್ಯಾದಿ ಪ್ರಶ್ನಿ ಅದ. ಪುಸ್ತಕದಾಗ ಇದ್ದಂಗ ಮಾತಾಡ್ರಿ" ಎಂದು ಹೇಳಿ, ಎಲ್ಲರಿಗೂ ನಾಲ್ಕು ನಾಲ್ಕು ವಾಕ್ಯ ಬಾಯಿಪಾಠ ಮಾಡಿಸಿದ್ದರು.

ನೀಲಗಂಗಮ್ಮ ಬಾವಿಕಟ್ಟೆಯ ಮೇಲೆ ನಿಂತು ಬಾಯಿ ತೆರೆದರೆ ಮೂರು ಓಣಿಯ ನಾಯಿಗಳು ಸುಮ್ಮನಾಗುತ್ತಿದ್ದವು. ಅಂಥವಳು ಪ್ರಾಣೇಶನನ್ನು ಕಂಡೊಡನೆ ಕೊಡ ಇಳಿಸಿ, ಕೈಕಟ್ಟಿ, "ನಾನು ನೀರನ್ನು ತರುತ್ತಿದ್ದೇನೆ" ಎನ್ನುವಳು. ಪಕ್ಕದ ಮನೆಯ ಅಂಬಮ್ಮ "ಈ ದಿನ ಬಿಸಿಲು ಹೆಚ್ಚಾಗಿದೆ" ಎಂದು ಒಪ್ಪಿಸಿ ಬೆವರು ಒರೆಸಿಕೊಳ್ಳುವಳು. ಬೆವರು ಬಿಸಿಲಿನದಾಗಿರುತ್ತಿರಲಿಲ್ಲ.

ಹೀಗೆ ಕಡೆಯ ದಿನ ಬಂತು. ಮರುದಿನ ಬೆಳಿಗ್ಗೆ ರಾಯಚೂರಿನ ಬಸ್ಸು, ಅಲ್ಲಿಂದ ರೈಲು. ಬುಕ್ಕು ಇನ್ನೂ ಖಾಲಿ. ಪ್ರಾಣೇಶ ಬೇರೆ ದಾರಿ ಕಾಣದೆ, ಬಾವಿಗೆ ಒತ್ತಿದ ಗೋಡೆಯ ಹಿಂದೆ, ತಮ್ಮ ಕೊಟ್ಟಿಗೆಯ ಹುಲ್ಲಿನ ನಡುವೆ ಅಡಗಿ ಕುಳಿತ.

ಅರ್ಧ ಗಳಿಗೆಯೊಳಗೆ ಅಂಬಮ್ಮನ ಕರು ಹಗ್ಗ ಕಿತ್ತುಕೊಂಡು, ನೀಲಗಂಗಮ್ಮ ಒಣಗಲು ಹರವಿದ್ದ ಸಂಡಿಗೆಗೆ ಬಾಯಿ ಹಾಕಿತು.

"ಏ ಅಂಬವ್ವಾ, ನಿನ್ನ ಕರ ನನ್ನ ಸಂಡಿಗಿ ಮೇಯಾಕತ್ತದ ನೋಡ. ಮನ್ಯಾಗ ಅದಕ ಹೊಟ್ಟ ಹಾಕೂದಿಲ್ಲೇನ?"

"ದಾರ್ಯಾಗ ಹರವಿದ್ರ ತಿಂತದ. ಅದರ ಬಾಯಿಗಿ ನಾ ಬೀಗ ಹಾಕ್ಲೇನ?"

"ಬೀಗ ನಿನ್ನ ಬಾಯಿಗಿ ಹಾಕಬೇಕ. ಹೋದ ವರ್ಷ ಒಯ್ದ ನನ್ನ ಒನಕಿ ಎಲ್ಲಿ ಅದ?"

"ನಿನ್ನ ಗಂಡನ ಕೈಯಾಗ ಕೊಟ್ಟೀನಿ. ಹೇಳಾಕ ಆತಗ ನೀ ಬಾಯಿ ತಗ್ಯಾಕ ಬಿಟ್ರಲ್ಲ."

ಎಂಟು ದಿನ ಉಪವಾಸವಿದ್ದವನು ಎಲೆಯ ಮುಂದೆ ಕುಳಿತಂತೆ ಪ್ರಾಣೇಶ ಬರೆದ. ದನಿ ಏರಿದಲ್ಲಿ ಮೇಲಕ್ಕೊಂದು ಬಾಣ, ಇಳಿದಲ್ಲಿ ಕೆಳಕ್ಕೊಂದು ಬಾಣ ಹಾಕಿದ. ನೀಲಗಂಗಮ್ಮನ ಒಂದು ಮಾತಿಗೆ ಹಾಕಿದ ಬಾಣ ಹಾಳೆ ದಾಟಿ ಹೋಯಿತು. ಹದಿನಾಲ್ಕು ಪುಟ ತುಂಬಿದ ಹೊತ್ತಿಗೆ ಹುಲ್ಲಿನ ಧೂಳು ಮೂಗಿಗೆ ಹೋಗಿ, ಸೀನು ಬಂದುಬಿಟ್ಟಿತು.

ಜಗಳ ನಿಂತಿತು. ಎರಡು ತಲೆಗಳು ಗೋಡೆಯ ಮೇಲೆ ಕಾಣಿಸಿದವು.

"ನಮ್ಮ ಜಗಳ ಬರಕೊಂತ ಕುಂತಾನ ನೋಡ, ಯಕ್ಕಾ," ಎಂದಳು ಅಂಬಮ್ಮ. ಈಗ ಇಬ್ಬರೂ ಒಂದು ಕಡೆಯವರು.

ಗದ್ದಲಕ್ಕೆ ವಿರೂಪಣ್ಣ ಬಂದರು. ಬುಕ್ಕು ಕಸಿದುಕೊಂಡು ನೋಡಿದರು. "ಇದು ಕನ್ನಡ ಅಲ್ಲ. ಉರ್ದು ಅಲ್ಲ. ಇಂಗ್ಲಿಷ್ ನಾ ಚಿಮಣಿಎಣ್ಣಿ ಡಬ್ಬಿ ಮ್ಯಾಲ ನೋಡೀನಿ, ಅದೂ ಅಲ್ಲ. ಅಕ್ಷರ ಬೋರಲು ಬಿದ್ದಾವ. ನಡನಡುವ ಬಾಣ ಬ್ಯಾರೆ."

ದಿನಮಾನ ಸೂಕ್ಷ್ಮವಾಗಿದ್ದವು. ಓದಲಾಗದ ಕಾಗದ ಎಲ್ಲಿ ಸಿಕ್ಕರೂ ಚಳವಳಿಗಾರರ ಗುಟ್ಟೆಂದು ಠಾಣೆಗೆ ಹೋಗುತ್ತಿತ್ತು. ಪೊಲೀಸ್ ಜವಾನ ಖಾಸಿಂ ಸಾಬ್ ಎಲೆ ಅಡಿಕೆಗೆಂದು ಬಂದವನು ಬುಕ್ಕನ್ನೂ ಪ್ರಾಣೇಶನನ್ನೂ ಕರೆದುಕೊಂಡು ಹೊರಟ. ಓಣಿ ಹಿಂದೆ ಬಂತು.

ಠಾಣೆಯ ಅಧಿಕಾರಿ ಅಮೀನ್ ಸಾಹೇಬರಿಗೆ ಇಂಗ್ಲಿಷ್ ಬರುತ್ತಿತ್ತು. ಅವರು ಬುಕ್ಕನ್ನು ನೇರ ಹಿಡಿದರು. ಕೆಲವು ಅಕ್ಷರ ತಲೆಕೆಳಗಾಗಿದ್ದವು. ತಿರುಗಿಸಿ ಹಿಡಿದರು, ಉಳಿದವೆಲ್ಲ ತಲೆಕೆಳಗಾದವು.

"ಏನಪಾ ಇದು?"

"ನಮ್ಮ ಓಣಿ ಮಾತು ಸಾಹೇಬ್ರ. ಪರೀಕ್ಷಾಕ್ಕ."

"ಹಂಗಾದ್ರ ಓದು."

ಪ್ರಾಣೇಶ ಒಳ್ಳೆಯ ವಿದ್ಯಾರ್ಥಿ. ಹೇಗೆ ಬರೆದಿದ್ದನೋ ಹಾಗೇ, ಬಾಣ ಏರಿದಲ್ಲಿ ಏರಿ, ಇಳಿದಲ್ಲಿ ಇಳಿದು ಓದಿದ. ತೆಳ್ಳನೆಯ ಆ ಹುಡುಗನ ಗಂಟಲಿನಿಂದ ಸಾಕ್ಷಾತ್ ನೀಲಗಂಗಮ್ಮ ಹೊರಬಂದಳು. ಅವಳ ಹಿಂದೆಯೇ ಅಂಬಮ್ಮ ಬಂದಳು. ಖಾಸಿಂ ಸಾಬ್ ಕಿಟಕಿಗೆ ಹೋಗಿ, ಹೊರಗೆ ನಿಂತ ನೀಲಗಂಗಮ್ಮನ ಬಾಯಿ ಮುಚ್ಚಿದೆಯೇ ಎಂದು ನೋಡಿ ಬಂದ. ಓಣಿಯ ಜನ ನಕ್ಕು ನಕ್ಕು ಗೋಡೆ ಹಿಡಿದುಕೊಂಡರು. ಹೆಂಗಸರಿಬ್ಬರೂ ಸೆರಗನ್ನು ಹಣೆಯವರೆಗೆ ಎಳೆದುಕೊಂಡರು.

ಅಮೀನ್ ಸಾಹೇಬರು ಕಣ್ಣೊರೆಸಿಕೊಂಡು, "ಇದ್ರಾಗ ಸರ್ಕಾರಕ್ಕ ಏನೂ ಇಲ್ಲ. ಬುಕ್ಕು ತಗೊಂಡು ಹೋಗಪಾ," ಎಂದರು.

ನೀಲಗಂಗಮ್ಮ ಒಳಗೆ ನುಗ್ಗಿದಳು. "ಆತ ಹೋಗ್ಲಿ ಸಾಹೇಬ್ರ, ಬುಕ್ಕು ಹೋಗಬಾರದು. ನನ್ನ ಮಗಳ ಅತ್ತಿ ಮನಿ ಹೈದರಾಬಾದಿನ್ಯಾಗ ಅದ."

"ನಿಮಗ ತಕರಾರು ಇದ್ರ ಬರಸ್ರಿ. ಬುಕ್ಕಿಗಿ ಮುದ್ರಿ ಹಾಕಿ ರಾಯಚೂರು ಕಚೇರಿಗಿ ಕಳಸ್ತೀನಿ. ಅಲ್ಲಿ ಎಲ್ಲರ ಮುಂದ ಓದಸ್ತಾರ."

"ತಕರಾರೇನ ರೀ?" ಎಂದಳು ಅಂಬಮ್ಮ. "ನಾವು ಅಕ್ಕ ತಂಗಿ ಇದ್ದಂಗ ಇದ್ದೀವಿ."

ಕೊನೆಗೆ ರಾಜಿಯಾಯಿತು. ಬುಕ್ಕಿನಲ್ಲಿದ್ದ ಕೆಟ್ಟ ಮಾತು ತೆಗೆದು, ಸಂಜೆಯೊಳಗೆ ಪ್ರಾಣೇಶನಿಗೆ ಒಪ್ಪಿಸಬೇಕು. ಆ ಕೆಲಸ ಓದಿದವರಾದ ವಿರೂಪಣ್ಣನವರದು. ಪ್ರಾಣೇಶ ಬೈಗಳಿದ್ದ ಕಡೆಯೆಲ್ಲ ಗೆರೆ ಎಳೆದು ಕೊಟ್ಟು, ಮನಸ್ಸಿನಲ್ಲೇ ಲೆಕ್ಕ ಹಾಕಿದ. ನಾಲ್ಕು ಪುಟ ಬೈಗಳು ಹೋದರೂ ಹತ್ತು ಪುಟ ಉಳಿಯುತ್ತದೆ. ಸಾಕು. ಮನೆಗೆ ಬಂದು ಟ್ರಂಕು ಕಟ್ಟಿದ.

ಹೊತ್ತು ಮುಳುಗುವ ಮುಂಚೆ ಮೂವರೂ ಬಂದರು. ಹೆಂಗಸರು ಒಬ್ಬರ ಹೆಗಲಿಗೆ ಒಬ್ಬರು ತಾಗಿ ನಿಂತಿದ್ದರು. ವಿರೂಪಣ್ಣನವರ ಒಂದು ಕೈಯಲ್ಲಿ ಬುಕ್ಕು, ಇನ್ನೊಂದರಲ್ಲಿ ಆಗಷ್ಟೇ ಕರಿದ ಸಂಡಿಗೆ.

ಪ್ರಾಣೇಶ ಬುಕ್ಕು ತೆರೆದ. ಅವನು ಬರೆದ ಹಾಳೆಗಳು ಒಂದೂ ಇರಲಿಲ್ಲ. ಆ ಜಾಗದಲ್ಲಿ ಹದಿನಾಲ್ಕು ಪುಟ ಹೊಸದಾಗಿ ಹೊಲಿದು, ದುಂಡನೆಯ ಕನ್ನಡ ಅಕ್ಷರದಲ್ಲಿ ತುಂಬಿಸಿದ್ದರು.

'ಅಂಬಮ್ಮನವರೇ, ತಮ್ಮ ಕರುವು ನಮ್ಮ ಸಂಡಿಗೆಯನ್ನು ಸೇವಿಸುತ್ತಿದೆ.'

'ಕ್ಷಮಿಸಿರಿ ಅಕ್ಕನವರೇ. ಪಾಪ, ಅದಕ್ಕೆ ಹಸಿವಾಗಿರಬಹುದು.'

'ಚಿಂತೆಯಿಲ್ಲ. ಇನ್ನಷ್ಟು ಸೇವಿಸಲಿ.'

"ಮಧ್ಯಾಹ್ನದಿಂದ ಬೆನ್ನು ಬಗ್ಗಿಸಿ ಬರದೀನಿ," ಎಂದರು ವಿರೂಪಣ್ಣ, ಸಂಡಿಗೆ ಕಟುಂ ಎನ್ನಿಸುತ್ತ. "ಒಂದಕ್ಷರ ಬೋರಲು ಬಿದ್ದಿಲ್ಲ ನೋಡು."

"ನನ್ನ ಹಾಳಿ ಎಲ್ಲಿ ರೀ?"

"ಕಟ್ಟಗಿ ಹಸಿ ಇದ್ವಪಾ," ಎಂದಳು ಅಂಬಮ್ಮ. "ಸಂಡಿಗಿ ಕರಿಯಾಕ ಒಲಿ ಹತ್ತವಲ್ದಾಗಿತ್ತು."

ಪ್ರಾಣೇಶ ಹೊಸ್ತಿಲ ಮೇಲೆ ಕುಳಿತುಬಿಟ್ಟ. ಪೆನ್ಸಿಲು ತೆಗೆದು, "ನೀಲಗಂಗವ್ವಾ, ಬೆಳಿಗ್ಗೆ ಅಂದದ್ದು ಇನ್ನೊಂದು ಸಲ ಅನ್ನವ್ವಾ. ಹೆಂಗ ಮಾತಾಡ್ತೀಯೋ ಹಂಗ," ಎಂದು ಕೈಮುಗಿದ.

ನೀಲಗಂಗಮ್ಮನಿಗೆ ಕನಿಕರವಾಯಿತು. ಸೆರಗು ಸರಿಮಾಡಿಕೊಂಡಳು. ಗಂಟಲು ಸರಿಮಾಡಿಕೊಂಡಳು. ಕೈಕಟ್ಟಿ ನೆಟ್ಟಗೆ ನಿಂತಳು.

"ನಾನು ನೀರನ್ನು ತರುತ್ತಿದ್ದೇನೆ," ಎಂದಳು.